ಎರಡನೆಯ ಪ್ರಶ್ನೆ

ಹಿಂದಿನ ಓಣಿಗೆ ಮುಖ ಮಾಡಿದ ಶೆಡ್ಡಿನ ಚಿಕ್ಕ ಬಾಗಿಲು ತೆರೆದು ಮುಚ್ಚಿಕೊಂಡದ್ದು ವರ್ನರ್ ಕೋಸ್ಕಿಗೆ ಗಡ್ಡ ಹೆರೆಯುತ್ತಿರುವಾಗ ಕೇಳಿಸಿತು. ಕೇಳಿಸಿತು ಎನ್ನುವುದಕ್ಕಿಂತ ಅವನ ಕಿವಿ ಅದಕ್ಕಾಗಿ ಕಾದಿತ್ತು. ಒಳಗಿದ್ದವನು ಬಾಗಿಲನ್ನು ತುಸು ಎತ್ತಿ ಹಿಡಿದು, ತಿರುಗಣಿ ಕಿರುಗುಟ್ಟದ ಹಾಗೆ, ಮಗು ಮಲಗಿದ ಕೋಣೆಯಿಂದ ತಾಯಿ ಹಿಂದೆ ಸರಿಯುವ ಎಚ್ಚರದಲ್ಲಿ ಹೊರಗೆ ಬರುತ್ತಿದ್ದ. ಸ್ನಾನದ ಮನೆಯ ಕಿಟಕಿಗೆ ಹಬೆ ಕಟ್ಟಿತ್ತು. ಒರೆಸಿ ನೋಡಬೇಕು ಎನ್ನಿಸಿತು, ಒರೆಸಲಿಲ್ಲ. ಒರೆಸಿದರೆ ನೋಡಿದ ಹಾಗಾಗುತ್ತದೆ. ನೋಡದೆ ಇರುವಷ್ಟು ಹೊತ್ತು ಲೈಲ್ ಪೆಲ್ಟೋಲ ಶೆಡ್ಡಿನಲ್ಲಿರುವ ವರ್ನರನ ದೋಣಿಯಲ್ಲಿ ಮಲಗುತ್ತಾನೆಂಬುದು ಬರಿಯ ಗುಮಾನಿ. ಸೆಪ್ಟೆಂಬರಿನಲ್ಲಿ ದೋಣಿಯನ್ನು ಕೆರೆಯಿಂದ ತಂದು ಶೆಡ್ಡಿಗೆ ಸೇರಿಸಿ ಟಾರ್ಪಾಲು ಹೊದಿಸಿದ ಮೇಲೆ ಒಂದು ಬೆಳಿಗ್ಗೆ ಎಲೆ ಗುಡ್ಡೆಹಾಕುವ ಕುಂಟೆ ಹುಡುಕಿಕೊಂಡು ಹೋದಾಗ ಟಾರ್ಪಾಲಿನ ಅಂಚಿನಲ್ಲಿ ಒಂದು ಬೂಟು ಕಂಡಿತ್ತು. ಬೂಟಿನೊಳಗೆ ಕಾಲೂ ಇತ್ತು. ಬಗ್ಗಿ ನೋಡಿದರೆ, ಒಂದು ಕಾಲಕ್ಕೆ ತನ್ನ ಪೌರನೀತಿ ತರಗತಿಯಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ ಹುಡುಗ ಲೈಲನ ಮುಖ, ಅದಕ್ಕೆ ನರೆತ ಗಡ್ಡ. ವರ್ನರ್ ತುದಿಗಾಲಿನಲ್ಲಿ ಹಿಂದೆ ಬಂದ, ತನ್ನದೇ ಶೆಡ್ಡಿನಿಂದ ಕಳ್ಳನ ಹಾಗೆ. ಅಂದಿನಿಂದ ಆ ಬಾಗಿಲಿಗೆ ಬೀಗ ಹಾಕಿರಲಿಲ್ಲ. ಹಾಕಲಿಲ್ಲ ಎಂಬುದನ್ನೇ ತಾನು ಮಾಡಿದ ಉಪಕಾರವೆಂದು ಎಣಿಸಿಕೊಂಡಿದ್ದ.

ಮುಖ ಒರೆಸಿಕೊಂಡು, ಕೋಟು ಹಾಕಿಕೊಂಡು ಹಿತ್ತಲಿಗಿಳಿದ. ವರ್ಷದ ಮೊದಲ ಹಿಮ ಬಿದ್ದು ಅಂಗಳ ಬೆಳ್ಳಗಾಗಿತ್ತು. ಶೆಡ್ಡಿನ ಬಾಗಿಲಿನಿಂದ ಓಣಿಯವರೆಗೆ ಹೆಜ್ಜೆಗಳು ಸ್ಪಷ್ಟವಾಗಿ ಮೂಡಿದ್ದವು, ಎಡಗಾಲಿನದು ಸ್ವಲ್ಪ ಎಳೆದ ಗುರುತು. ವರ್ನರ್ ಕಸದ ದೊಡ್ಡ ಡಬ್ಬಿಯನ್ನು ಹಿಡಿದು, ಆ ಹೆಜ್ಜೆಗಳ ಮೇಲೆಯೇ ಅದರ ಚಕ್ರ ಉರುಳುವ ಹಾಗೆ ಓಣಿಯವರೆಗೆ ಎಳೆದ. ಇದು ಲೈಲನ ಸಲುವಾಗಿ ಎಂದುಕೊಂಡ. ಪಕ್ಕದವರು ಕಂಡರೆ ಪೋಲೀಸರಿಗೆ ಫೋನು ಮಾಡುತ್ತಾರೆ, ಪಾಪ ಎಲ್ಲಿ ಹೋಗುತ್ತಾನೆ. ಆದರೆ ಡಬ್ಬಿ ಎಳೆಯುವಾಗ ಅವನ ಕಣ್ಣು ಇದ್ದದ್ದು ಪಕ್ಕದವರ ಮನೆಯ ಮೇಲಲ್ಲ, ಸ್ವಂತ ಮನೆಯ ಅಡುಗೆಮನೆ ಕಿಟಕಿಯ ಮೇಲೆ. ಕಿಟಕಿ ತೆರೆಯಿತು. ಹೆಂಡತಿ ಮ್ಯಾವಿಸ್ ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡೇ ಕೂಗಿದಳು:

"ಕಸದ ಗಾಡಿ ಬರೋದು ಇವತ್ತಲ್ಲ ಕಣೋ! ಇವತ್ತು ಎಲೆಕ್ಷನ್ನು!"

"ಮರೆತೆ," ಎಂದ ವರ್ನರ್.

"ನಿವೃತ್ತಿ ಆದ್ಮೇಲೆ ಇವನಿಗೆ ವಾರಾನೇ ಮರೆತುಹೋಗಿದೆ," ಎಂದು ಅವಳು ಫೋನಿನಲ್ಲಿದ್ದವರಿಗೆ ಹೇಳಿ ನಕ್ಕದ್ದು ಹಿತ್ತಲಿಗೂ ಕೇಳಿಸಿತು.

ಗ್ರೆಲ್ಟನ್ ಊರಿನ ಜನ ಆ ನವೆಂಬರಿನಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕಿತ್ತು. ಮೊದಲನೆಯದು, ಊರೊಳಗಿನ ಹಿತ್ತಲಲ್ಲಿ ಕೋಳಿ ಸಾಕಬಹುದೆ. ಎರಡನೆಯದು, ಮುಚ್ಚಿಹೋದ ಈಸ್ಟ್‌ಸೈಡ್ ಶಾಲೆಯ ಕಟ್ಟಡವನ್ನು ಮನೆಯಿಲ್ಲದವರಿಗೆ ಚಳಿಗಾಲದ ತಂಗುದಾಣ ಮಾಡಬಹುದೆ. ಅಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ಜನ ಬಾಯಿಬಿಟ್ಟು ಜಗಳಾಡುತ್ತಿದ್ದದ್ದು ಕೋಳಿಯ ಬಗ್ಗೆ. ಎರಡನೆಯ ಪ್ರಶ್ನೆ ಬಂದರೆ ದನಿ ತಗ್ಗುತ್ತಿತ್ತು. ಆ ಪ್ರಶ್ನೆಯನ್ನು ಮತಪತ್ರದ ಮೇಲೆ ತಂದವಳು ಮ್ಯಾವಿಸ್. ಬೇಸಗೆಯೆಲ್ಲ ಮನೆ ಮನೆ ಸುತ್ತಿ ಸಹಿ ಹಾಕಿಸಿದ್ದಳು, ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಕರೆದಿದ್ದಳು, ಊರಿನ ಗಣಿ ಮುಚ್ಚಿದ ಮೇಲೆ ಕೆಲಸ ಹೋದವರ ಬಗ್ಗೆ ರೇಡಿಯೋದಲ್ಲಿ ಮಾತಾಡಿದ್ದಳು. ಆ ಶಾಲೆಯಲ್ಲಿ ಜೀವಮಾನವೆಲ್ಲ ಪಾಠ ಹೇಳಿದ ವರ್ನರ್ ಸಭೆಗಳಲ್ಲಿ ಕುರ್ಚಿ ಹಾಕುತ್ತಿದ್ದ, ಕುರ್ಚಿ ಮಡಚುತ್ತಿದ್ದ. ಒಂದು ಸಭೆಯಲ್ಲಿ ಯಾರೋ, ನಿಮ್ಮ ಯಜಮಾನರೂ ಎರಡು ಮಾತಾಡಲಿ ಎಂದಾಗ ಮ್ಯಾವಿಸ್ ಮೈಕಿನಲ್ಲಿಯೇ, "ಬೇಡಪ್ಪ, ಅವನು ಶುರು ಮಾಡಿದರೆ ಸಂವಿಧಾನದಿಂದ ಶುರು ಮಾಡ್ತಾನೆ, ಅಷ್ಟೊತ್ತಿಗೆ ಹಿಮ ಕರಗಿರುತ್ತೆ," ಎಂದಿದ್ದಳು. ಎಲ್ಲರೂ ನಕ್ಕರು. ವರ್ನರನೂ ನಕ್ಕ. ಅದು ಪ್ರೀತಿಯ ಮಾತೇ. ಬೇರೆ ಹೆಂಡತಿಯರು ಇದಕ್ಕಿಂತ ಹರಿತವಾದದ್ದನ್ನು ಆಡುತ್ತಾರೆ. ಆದರೆ ಕುರ್ಚಿ ಮಡಚುವಾಗ ಬೆರಳು ಸಿಕ್ಕಿಕೊಂಡು ಉಗುರು ಕಪ್ಪಾಯಿತು. ಆ ಕಪ್ಪು ಉಗುರು ಬೆಳೆದು ಉದುರುವವರೆಗೂ ಅವನು ಆ ನಗುವನ್ನು ಕೇಳಿಸಿಕೊಳ್ಳುತ್ತಲೇ ಇದ್ದ.

ಮತದಾನ ಕರ್ಲಿಂಗ್ ಕ್ಲಬ್ಬಿನ ಹಜಾರದಲ್ಲಿತ್ತು. ಗಾಜಿನಾಚೆ ಕಲ್ಲು ಜಾರಿಸಿ ಆಡುವ ಮಂಜುಗಡ್ಡೆ ಹಸಿರು ದೀಪದಲ್ಲಿ ಖಾಲಿ ಬಿದ್ದಿತ್ತು; ಈಚೆ ಮೇಜುಗಳು, ಒದ್ದೆ ಬೂಟುಗಳು, ಕಾಫಿಯ ವಾಸನೆ. ಮ್ಯಾವಿಸ್ ತನ್ನ ಗುಂಪಿನವರ ಜತೆ ಕಾನೂನು ಹೇಳಿದಷ್ಟು ದೂರದಲ್ಲಿ, ರಸ್ತೆ ಅಂಚಿನಲ್ಲಿ ಫಲಕ ಹಿಡಿದು ನಿಂತಳು. ವರ್ನರ್ ಒಳಗೆ ಹೋದ. ಚುನಾವಣೆ ಮೇಜಿನ ಹಿಂದಿದ್ದ ಇರ್ಮಾ ಅವನ ಕೋಟಿನ ಕಡೆ ಬೆರಳು ತೋರಿಸಿದಳು.

"ಬಿಲ್ಲೆ ತೆಗೀರಿ ಮೇಷ್ಟ್ರೇ. ನೀವೇ ಪಾಠ ಹೇಳಿದ್ದು, ಒಳಗೆ ಪ್ರಚಾರ ಮಾಡೋ ಹಾಗಿಲ್ಲ ಅಂತ."

'ಎರಡಕ್ಕೆ ಹೌದು' ಎಂಬ ಆ ಬಿಲ್ಲೆಯನ್ನು ಬೆಳಿಗ್ಗೆ ಮ್ಯಾವಿಸ್ ತಾನೇ ಚುಚ್ಚಿದ್ದಳು. ತೆಗೆದು ಜೇಬಿಗೆ ಹಾಕಿಕೊಂಡಾಗ ಎದೆಯ ಆ ಜಾಗದಲ್ಲಿ ತಣ್ಣನೆಯ ಗಾಳಿ ಹೊಕ್ಕ ಹಾಗೆ ಒಂದು ಹಗುರ, ತನಗೇ ನಾಚಿಕೆಯಾಗುವಂಥ ಹಗುರ ಅನುಭವವಾಯಿತು.

ಮತ ಹಾಕುವ ಮರೆಯೊಳಗೆ ಹೋಗಿ ಪೆನ್ನು ಹಿಡಿದ. ವರ್ಷ ವರ್ಷವೂ ಹುಡುಗರಿಗೆ ಹೇಳುತ್ತಿದ್ದ: ರಾಜನೂ ಬರಲಾರದ ಜಾಗ ಈ ಮೂರು ಹಲಗೆಯ ನಡುವಿನದು; ಇಲ್ಲಿ ನೀವು ಯಾರ ಮಗನೂ ಅಲ್ಲ, ಯಾರ ಗಂಡನೂ ಅಲ್ಲ. ಹೇಳುವಾಗ ಆ ಮಾತು ಸ್ವಾತಂತ್ರ್ಯದ ಹಾಗೆ ಕೇಳುತ್ತಿತ್ತು. ಕೋಳಿ ಸಾಕಬಹುದು ಎಂದು ಮೊದಲ ವೃತ್ತವನ್ನು ಕಪ್ಪಾಗಿಸಿದ. ಎರಡನೆಯದಕ್ಕೆ ಕೈ ನಿಂತಿತು. ಹೌದು ಎನ್ನಲಿಕ್ಕೆ ಎಲ್ಲ ಕಾರಣಗಳೂ ಇದ್ದವು, ಹಲವನ್ನು ಮ್ಯಾವಿಸಳ ಕರಪತ್ರಕ್ಕೆ ಅವನೇ ತಿದ್ದಿಕೊಟ್ಟಿದ್ದ. ಹೌದೆಂದು ಗೆದ್ದರೆ ಲೈಲ್ ಆ ದೋಣಿಯಿಂದ ಎದ್ದು ತಾನಾಗಿ ಹೋಗುತ್ತಾನೆ, ತಾನು ಬೆಳಗಿನ ಹೊತ್ತು ಡಬ್ಬಿ ಎಳೆಯುವುದು ತಪ್ಪುತ್ತದೆ. ಆದರೂ ಕೈ ಮುಂದೆ ಹೋಗಲಿಲ್ಲ. ಆ ಶಾಲೆಯ ಮೂಲೆಯ ಕೋಣೆಯಲ್ಲಿ, ಕಪ್ಪುಹಲಗೆಯ ಮೇಲೆ ತಾನು ಬರೆದು ಅಳಿಸಿದ ಎಷ್ಟೋ ವರ್ಷಗಳ ಬಿಳಿ ಮಬ್ಬು ಇನ್ನೂ ಇರುವ ಆ ಗೋಡೆಗೆ ಮಂಚ ಒರಗಿಸಿ, ಮ್ಯಾವಿಸ್ ನಡುವೆ ನಿಂತು ಕೈ ಬೀಸಿ, ಇದು ಅಲ್ಲಿಗೆ, ಅದು ಇಲ್ಲಿಗೆ ಎನ್ನುತ್ತಿರುವುದು ಕಂಡಿತು. ಜನ ಅವಳ ಸುತ್ತ ನೆರೆದಿರುವುದು ಕಂಡಿತು. ತಾನು ಕುರ್ಚಿ ಮಡಚುತ್ತಿರುವುದು ಕಂಡಿತು. ಇಷ್ಟೇನಾ ಎಂದು ತನ್ನನ್ನೇ ಕೇಳಿಕೊಂಡ. ಇಷ್ಟಕ್ಕೇನಾ? ಇದಕ್ಕಿಂತ ದೊಡ್ಡ ಕಾರಣ ಒಂದು ಸಿಕ್ಕಿದ್ದರೆ ಚೆನ್ನಾಗಿತ್ತು. ಪೆನ್ನಿನ ತುದಿ 'ಇಲ್ಲ' ಎಂಬುದರ ಮುಂದಿನ ವೃತ್ತದ ಮೇಲೆ ಇಳಿಯಿತು. ಅಂಚು ಬಿಡದ ಹಾಗೆ, ಮಾದರಿ ಉತ್ತರ ಬರೆಯುವ ವಿದ್ಯಾರ್ಥಿಯ ಹಾಗೆ ಅಚ್ಚುಕಟ್ಟಾಗಿ ತುಂಬಿದ. ಮತ ಎಣಿಸುವ ಯಂತ್ರ ಹಾಳೆಯನ್ನು ಎಳೆದುಕೊಂಡಿತು. ಇರ್ಮಾ ಥ್ಯಾಂಕ್ಸ್ ಎಂದಳು.

ಹೊರಗಿದ್ದವರಿಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡು ಬಾ ಎಂದು ಮ್ಯಾವಿಸ್ ಹೇಳಿದ್ದಳು. ಹಜಾರದ ಮೂಲೆಯಲ್ಲೇ ಕ್ಲಬ್ಬಿನ ಅಡುಗೆಕಟ್ಟೆ. ಅಲ್ಲಿ ರೂಡಿ ಜಲಾರ್ ಆಲೂಗಡ್ಡೆ, ಮಾಂಸ ತುಂಬಿದ ಪೇಸ್ಟಿ ತಿನ್ನುತ್ತ ನಿಂತಿದ್ದ. ಎರಡನೆಯ ಪ್ರಶ್ನೆಯ ವಿರೋಧಿಗಳ ಪರವಾಗಿ, ಮತ ಹಾಕಲು ಬಂದವರ ಮೇಲೆ ಕಣ್ಣಿಡಲಿಕ್ಕೆ ಕಾನೂನು ಪ್ರಕಾರ ಒಬ್ಬ ಇರಬಹುದಾಗಿತ್ತು. ಆ ಒಬ್ಬ ರೂಡಿ. ಗಂಟಲು ದೊಡ್ಡದು, ಮೈ ದೊಡ್ಡದು. ಶಾಲೆಯ ಪಕ್ಕದ ಮನೆಯಲ್ಲಿ ಅವನ ತಾಯಿ ಒಬ್ಬಳೇ ಇದ್ದಳು. ಒಮ್ಮೆ ವರ್ನರನ ಕಾರು ಹಿಮದ ಹಳ್ಳಕ್ಕೆ ಜಾರಿದಾಗ ಕೇಳದೆಯೇ ಸರಪಳಿ ತಂದು ಎಳೆದುಕೊಟ್ಟವನು.

"ಏನ್ ಮೇಷ್ಟ್ರೇ, ಆಯ್ತಾ?"

"ಆಯ್ತು."

ರೂಡಿ ಹತ್ತಿರ ಬಂದು ದನಿ ತಗ್ಗಿಸಿದ. "ನಿಮ್ಮ ಅಂಗಳದಲ್ಲಿರೋ 'ಹೌದು' ಬೋರ್ಡು ಮ್ಯಾವಿಸ್‌ದು. ಅದು ಊರಿಗೇ ಗೊತ್ತು. ನಿಮ್ಮದು ಇಲ್ಲಿದೆ." ತನ್ನ ಎದೆಯನ್ನು ಪೇಸ್ಟಿಯ ಜಿಡ್ಡಿನ ಬೆರಳಿನಿಂದ ತಟ್ಟಿ ಕಣ್ಣು ಮಿಟುಕಿಸಿದ. "ನನಗೆ ಗೊತ್ತು ಬಿಡಿ. ನಾವೂ ಹೆಂಡ್ತಿ ಕಟ್ಕೊಂಡೋರೇ."

ವರ್ನರನ ಮೂರು ಹಲಗೆಯ ಗುಡಿಯೊಳಗೆ ಈ ಮನುಷ್ಯ ಬೂಟು ಕಳಚದೆ ನಡೆದು ಬಂದಿದ್ದ. ನಿನಗೇನು ಗೊತ್ತು ಎನ್ನಬೇಕೆಂದಿದ್ದ. ಆದರೆ ಗೊತ್ತಿದ್ದದ್ದು ಇವನೊಬ್ಬನಿಗೇ.

ಆಗ ಹಜಾರದ ಬಾಗಿಲು ತೆರೆದು ಚಳಿಯೊಂದಿಗೆ ಲೈಲ್ ಪೆಲ್ಟೋಲ ಒಳಗೆ ಬಂದ. ಕೂದಲನ್ನು ನೀರು ಹಚ್ಚಿ ಬಾಚಿಕೊಂಡಿದ್ದ. ಪೆಟ್ರೋಲು ಬಂಕಿನ ಕಕ್ಕಸಿನಲ್ಲಿ ಮುಖ ತೊಳೆದಿರಬೇಕು, ಗಡ್ಡದ ತುದಿಯಲ್ಲಿ ಹನಿಗಳು ಹೆಪ್ಪುಗಟ್ಟಿದ್ದವು. ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಇರ್ಮಾಳ ಮೇಜಿನ ಮುಂದೆ ನಿಂತ. ವರ್ನರನನ್ನು ಅವನು ನೋಡಿದ್ದು ನಿಜ. ನೋಡಿ, ಗೋಡೆಯನ್ನು ನೋಡಿದ ಹಾಗೆ ಕಣ್ಣು ತೆಗೆದ.

"ಹೆಸರು ಪಟ್ಟೀಲಿ ಇಲ್ವಲ್ಲ ಲೈಲ್," ಎಂದಳು ಇರ್ಮಾ. "ಇಲ್ಲೇ ಈಗಲೇ ಸೇರಿಸ್ಕೋಬಹುದು, ತೊಂದ್ರೆ ಇಲ್ಲ. ಎಲ್ಲಿರೋದು ಈಗ?"

"ಈ ವಾರ್ಡಲ್ಲೇ."

"ಈ ವಾರ್ಡಲ್ಲಿ ಎಲ್ಲಿ? ಮನೆ ಇಲ್ಲದಿದ್ರೂ ಪರವಾಗಿಲ್ಲ ಕಣಪ್ಪ, ಮಲಗೋ ಜಾಗ ಹೇಳಿದ್ರೆ ಸಾಕು. ಸೇತುವೆ ಕೆಳಗೋ, ಪಾರ್ಕಿನ ಬೆಂಚೋ."

ಲೈಲ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಒಂದು ಕಡೆ ಮಲಗ್ತೀನಿ. ಅದು ಬೇರೆಯೋರ ಜಾಗ. ಹೇಳೋಕಾಗಲ್ಲ."

"ಹೇಳೋಕಾಗದಿದ್ರೆ ವೋಟು ಹಾಕೋಕೂ ಆಗಲ್ಲ!" ಎಂದು ರೂಡಿ ಅಡುಗೆಕಟ್ಟೆಯಿಂದಲೇ ಗಟ್ಟಿಯಾಗಿ ನಕ್ಕ. "ಊರು ಯಾವುದು ಅಂತಾದ್ರೂ ಗೊತ್ತಾ ಕೇಳಿ. ಇವತ್ತು ಬಸ್ಸಲ್ಲಿ ಎಷ್ಟು ಜನಾನ ಕರ್ಕೊಂಡ್ ಬಂದಿದ್ದಾರೋ!"

"ರೂಡಿ, ನೀನು ಮತ ಹಾಕೋರ ಜತೆ ಮಾತಾಡೋ ಹಾಗಿಲ್ಲ. ಬಾಯಲ್ಲಿ ತಿಂಡಿ ಇದೆಯಲ್ಲ, ಅದನ್ನ ತಿನ್ನು," ಎಂದಳು ಇರ್ಮಾ. ಸಾಲಿನಲ್ಲಿದ್ದ ಕೆಲವರು ನಕ್ಕರು. ಅವಳು ಲೈಲನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಇನ್ನೊಂದು ದಾರಿ ಇದೆ. ನೀನು ಇಂಥಾ ಕಡೆ ಇರ್ತೀಯ ಅಂತ ಈ ವಾರ್ಡಿನ ಒಬ್ರು ಮತದಾರರು ಬಂದು ಆಣೆ ಮಾಡಿ ಸಹಿ ಹಾಕಿದ್ರೂ ನಡೆಯುತ್ತೆ. ಯಾರಾದ್ರೂ ಇದ್ದಾರಾ?"

ಫ್ಲಾಸ್ಕಿಗೆ ಕಾಫಿ ಸುರಿಯುತ್ತಿದ್ದ ವರ್ನರ್ ಅದು ಉಕ್ಕಿ ಕಟ್ಟೆಯ ಮೇಲೆ ಹರಿಯುವುದನ್ನು ನೋಡುತ್ತಿದ್ದ. ಲೈಲ್ ಅವನ ಕಡೆ ಇನ್ನೂ ತಿರುಗಿರಲಿಲ್ಲ. ತರಗತಿಯಲ್ಲೂ ಹೀಗೆ, ಉತ್ತರ ಗೊತ್ತಿಲ್ಲದವರು ಮೇಷ್ಟ್ರ ಕಣ್ಣು ತಪ್ಪಿಸುತ್ತಾರೆ. ಈಗ ಉತ್ತರ ಗೊತ್ತಿದ್ದವನು ಮೇಷ್ಟ್ರು, ಕಣ್ಣು ತಪ್ಪಿಸುತ್ತಿದ್ದವನು ಮೇಷ್ಟ್ರನ್ನು ಕಾಪಾಡುತ್ತಿದ್ದ. ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಲೈಲ್ ಹೊರಟುಹೋಗುತ್ತಾನೆ, ಸಂಜೆ ಬಂದು ದೋಣಿಯಲ್ಲಿ ಮಲಗುತ್ತಾನೆ, ನಾಳೆ ಮತ್ತೆ ಡಬ್ಬಿ. ಹೇಳಿದರೆ ಎರಡು ತಿಂಗಳಿಂದ ನೋಡದೆ ನೋಡಿದ್ದೆಲ್ಲ ಸುದ್ದಿಯಾಗುತ್ತದೆ. ಇದಲ್ಲದೆ ಒಂದು ಹೇಸಿಗೆಯ ಲೆಕ್ಕವೂ ತಲೆಯೊಳಗೆ ಹಾದುಹೋಯಿತು: ಇವನು ಹಾಕುವ ಹೌದು ತನ್ನ ಇಲ್ಲವನ್ನು ತಿಂದುಹಾಕುತ್ತದೆ. ಆ ಲೆಕ್ಕ ಬಂದದ್ದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಲೈಲ್ "ಹೋಗ್ಲಿ ಬಿಡಿ" ಎಂದು ಟೋಪಿ ತಲೆಗೆ ಹಾಕಿಕೊಂಡು ಬಾಗಿಲ ಕಡೆ ತಿರುಗಿದ. ಎಡಗಾಲು ಸ್ವಲ್ಪ ಎಳೆಯಿತು.

"ನಾನು ಹಾಕ್ತೀನಿ," ಎಂದ ವರ್ನರ್.

ಇರ್ಮಾ ಕನ್ನಡಕದ ಮೇಲಿಂದ ನೋಡಿದಳು. "ನಿಮಗೆ ಗೊತ್ತಾ ಮೇಷ್ಟ್ರೇ? ಯಾರೋ ಹೇಳಿದ್ದಲ್ಲ, ಸ್ವಂತ ಗೊತ್ತಿರ್ಬೇಕು. ಸುಳ್ಳಾದ್ರೆ ಅಪರಾಧ."

"ಸ್ವಂತ ಗೊತ್ತು."

"ವಿಳಾಸ?"

"ನಮ್ಮ ಮನೆ."

"ನಿಮ್ಮ ಮನೇಲಾ?" ಎಂದ ರೂಡಿ, ಈ ಸಲ ನಗದೆ. "ಮ್ಯಾವಿಸ್ ಯಾರಿಗೂ ಹೇಳೇ ಇಲ್ವಲ್ಲ."

"ಮನೆ ಒಳಗಲ್ಲ. ಹಿಂದಿನ ಶೆಡ್ಡಲ್ಲಿ. ದೋಣೀಲಿ ಮಲಗ್ತಾನೆ, ಟಾರ್ಪಾಲು ಹೊದ್ಕೊಂಡು. ಸೆಪ್ಟೆಂಬರಿಂದ." ತನ್ನ ದನಿ ತರಗತಿಯ ದನಿಯಾಗಿಯೇ, ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೊರಟದ್ದು ವರ್ನರನಿಗೆ ಆಶ್ಚರ್ಯವಾಯಿತು. ಬಗ್ಗಿ ಸಹಿ ಹಾಕಿ ತಲೆಯೆತ್ತಿದಾಗ ಮ್ಯಾವಿಸ್ ಬಾಗಿಲಲ್ಲಿ ನಿಂತಿದ್ದಳು. ಕಾಫಿ ಯಾಕಿನ್ನೂ ಬರಲಿಲ್ಲ ಎಂದು ನೋಡಲು ಬಂದಿದ್ದಳು. ಮೂಗಿನ ತುದಿ ಚಳಿಗೆ ಕೆಂಪಾಗಿತ್ತು. ಅಡುಗೆಕಟ್ಟೆಗೆ ಬಂದು, ಚೆಲ್ಲಿದ ಕಾಫಿಯನ್ನು ಒರೆಸಿ, ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಎತ್ತಿಕೊಂಡು ಹೋದಳು.

ಲೈಲ್ ಮರೆಯೊಳಗೆ ಬಹಳ ಹೊತ್ತು ಇದ್ದ. ಹೊರಗೆ ಬಂದು ಹಾಳೆಯನ್ನು ಯಂತ್ರಕ್ಕೆ ಕೊಟ್ಟು, ಬಾಗಿಲಿಗೆ ಹೋಗುವ ದಾರಿಯಲ್ಲಿ ವರ್ನರನ ಪಕ್ಕ ಒಂದು ಕ್ಷಣ ನಿಂತ.

"ಒಂದು ಕೇಳ್ಬೇಕಿತ್ತು ಮೇಷ್ಟ್ರೇ. ಆ ಬಾಗಿಲಿಗೆ ಬೀಗ ಹಾಕದೆ ಬಿಡ್ತಿದ್ರಲ್ಲ, ಅದು ಬೇಕಂತ್ಲೇನಾ? ನಿಮಗೆ ವಯಸ್ಸಾಯ್ತು, ಮರೆವು ಅಂದ್ಕೊಂಡಿದ್ದೆ."

"ಬೇಕಂತಲೇ."

ಲೈಲ್ ಅದನ್ನು ಯೋಚಿಸಿದ. "ಹಂಗಾದ್ರೆ ದಿನಾ ಬೆಳಿಗ್ಗೆ ಸದ್ದಾಗಬಾರದು ಅಂತ ನಾನು ಅಷ್ಟೊಂದು ಹೆದರಿದ್ದು ದಂಡ," ಎಂದ. ಕೋಪವಿರಲಿಲ್ಲ ಆ ಮಾತಿನಲ್ಲಿ. ಕೋಪವಿದ್ದಿದ್ದರೆ ವರ್ನರ್ ಅದನ್ನು ಹಿಡಿದುಕೊಂಡಾದರೂ ನಿಲ್ಲಬಹುದಾಗಿತ್ತು.

ಎಣಿಕೆ ಸಂಜೆಯೇ ಮುಗಿಯಿತು. ಕೋಳಿಗಳು ಗೆದ್ದವು. ಎರಡನೆಯ ಪ್ರಶ್ನೆ ಸೋತಿತು, ಅದೂ ಒಂದು ಮತದ ಆಚೀಚೆಯಲ್ಲಲ್ಲ. ಪ್ರತಿ ವಾರ್ಡಿನಲ್ಲೂ ಒಂದೇ ಸಮನೆ, ಮೇಜಿನ ಮೇಲಿನ ಚೂರುಗಳನ್ನು ಕೈಯಿಂದ ಸವರಿ ಕೆಳಗೆ ಹಾಕಿದ ಹಾಗೆ ಸೋತಿತು. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಮಾಂಸ, ಆಲೂಗಡ್ಡೆ ಸೇರಿಸಿ ಬೇಯಿಸಿ ತಂದ ಹಾಟ್‌ಡಿಷ್ ತಟ್ಟೆಗಳಲ್ಲಿ ಆರುತ್ತಿತ್ತು. ಇಷ್ಟು ದೊಡ್ಡ ಸೋಲಿನಲ್ಲಿ ತನ್ನದೊಂದು ಇಲ್ಲ ಏನು ಮಹಾ ಎಂದು ವರ್ನರ್ ಅಂದುಕೊಳ್ಳಲು ನೋಡಿದ. ಆ ಸಮಾಧಾನವೂ ನಿಲ್ಲಲಿಲ್ಲ, ಏಕೆಂದರೆ ಜನ ಒಬ್ಬೊಬ್ಬರಾಗಿ ಅವನ ಹತ್ತಿರ ಬರತೊಡಗಿದರು. ಕರ್ಲಿಂಗ್ ಕ್ಲಬ್ಬಿನ ಸುದ್ದಿ ಅವನಿಗಿಂತ ಮೊದಲೇ ಬಂದು ಕುಳಿತಿತ್ತು. ಮುದುಕಿಯೊಬ್ಬಳು ಅವನ ಎರಡೂ ಕೈ ಹಿಡಿದು, "ನಾವೆಲ್ಲ ಬಾಯಲ್ಲಿ ಹೇಳಿದ್ವಿ, ನೀನು ಸದ್ದಿಲ್ಲದೆ ಮಾಡಿದೆ ನೋಡು," ಎಂದಳು. ಇನ್ಯಾರೋ ಬೆನ್ನು ತಟ್ಟಿದರು. ಅವನು ಇಲ್ಲ, ಹಾಗಲ್ಲ ಎಂದದ್ದನ್ನು ವಿನಯ ಎಂದು ತಿಳಿದರು. ಕೋಣೆಯ ಆ ತುದಿಯಲ್ಲಿ ಮ್ಯಾವಿಸ್ ಕುರ್ಚಿಗಳನ್ನು ಮಡಚುತ್ತಿದ್ದಳು.

ಮನೆಗೆ ಬಂದ ಮೇಲೆ ಅವಳು ಕೋಟನ್ನೂ ಕಳಚದೆ ಮಹಡಿಗೆ ಹೋಗಿ ಮೇಲಿನ ಕೋಣೆಯ ಹಾಸಿಗೆಗೆ ಹೊಸ ಚಾದರ ಹಾಸಿದಳು. ಕೆಳಗೆ ಬಂದು ಒಲೆಯ ಮೇಲೆ ಸೂಪಿಟ್ಟು, ಹಿತ್ತಲ ದೀಪ ಹಾಕಿ, ಮೇಜಿಗೆ ಕುಳಿತಳು. ವರ್ನರ್ ಶೆಡ್ಡಿಗೆ ಹೋಗಿ ಬಂದ. ದೋಣಿ ಖಾಲಿಯಾಗಿತ್ತು. ಲೈಲನ ಕಂಬಳಿಯೂ ಚೀಲವೂ ಇರಲಿಲ್ಲ. ಟಾರ್ಪಾಲನ್ನು ನಾಲ್ಕು ಮಡಿಕೆ ಮಾಡಿ ದೋಣಿಯ ಹಲಗೆಯ ಮೇಲಿಟ್ಟಿತ್ತು.

"ಬರಲ್ಲ ಅನ್ಸುತ್ತೆ," ಎಂದ.

"ಯಾಕೆ ಬರ್ತಾನೆ? ಊರ ಮುಂದೆ ಹೇಳಿದ ಮೇಲೆ." ಮ್ಯಾವಿಸ್ ಮೇಜಿನ ಬಟ್ಟೆಯ ನೆರಿಗೆಯನ್ನು ಬೆರಳಿನಿಂದ ತೀಡುತ್ತಿದ್ದಳು. "ನಾನು ಈ ಊರಿನ ಎಲ್ಲ ಬಾಗಿಲು ತಟ್ಟಿದೆ ವರ್ನರ್. ನಾಯಿ ಬಿಟ್ಟೋರು ಇದ್ದಾರೆ, ಮುಖದ ಮೇಲೆ ಬಾಗಿಲು ಹಾಕ್ದೋರು ಇದ್ದಾರೆ. ನಮ್ಮ ಶೆಡ್ಡಿನ ಬಾಗಿಲು ಒಂದೇ ತಟ್ಟಲಿಲ್ಲ ನೋಡು. ರೂಡಿ ಜಲಾರ್ ನನ್ನ ಹತ್ರ ಬಂದು, ಟೋಪಿ ತೆಗೆದು, ಪಾಪ ನಿಮಗೆ ಗೊತ್ತಿರಲಿಲ್ಲ ಅಲ್ವಾ ಅಂದ. ಅವನು ಬೈದಿದ್ರೆ ಚೆನ್ನಾಗಿತ್ತು." ತಲೆಯೆತ್ತಿ ಕೇಳಿದಳು: "ನನಗೆ ಯಾಕೆ ಹೇಳ್ಲಿಲ್ಲ?"

ಅವನು ಹಲವು ಉತ್ತರಗಳನ್ನು ಹುಡುಕಿದ. ಲೈಲನ ಮಾನ ಕಾಪಾಡಲಿಕ್ಕೆ, ನಿನಗೇ ಸಾಕಷ್ಟು ಕೆಲಸವಿತ್ತು, ಖಾತ್ರಿ ಇರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ನಿಜವಾದದ್ದು.

"ಹೇಳಿದ್ರೆ ನೀನು ಅವನನ್ನ ಒಳಗೆ ಕರೀತಿದ್ದೆ."

ಮ್ಯಾವಿಸ್ ತಲೆಯಾಡಿಸಿದಳು, ಒಪ್ಪಿದ ಹಾಗೆ. ಸೂಪು ಕುದಿಯುವ ಸದ್ದು. ಆ ತಲೆಯಾಡಿಸಿದ್ದರಲ್ಲಿ ಏನೋ ಮೆತ್ತಗಿನದು ಕಂಡಿತು ವರ್ನರನಿಗೆ, ಒಳಗಿದ್ದದ್ದನ್ನೆಲ್ಲ ಈಗಲೇ ಅಲ್ಲಿ ಇಳಿಸಿಬಿಡಬಹುದು ಎನ್ನಿಸಿತು. "ಇನ್ನೊಂದಿದೆ," ಎಂದ. "ನಾನು ಎರಡಕ್ಕೆ ಇಲ್ಲ ಅಂತ ಹಾಕಿದೆ."

ಅವಳು ಅವನನ್ನು ನೋಡಿದಳು. ಅಳುತ್ತಾಳೆ, ಇಲ್ಲವೆ ಕೂಗುತ್ತಾಳೆ ಎಂದುಕೊಂಡಿದ್ದ. ಅವಳು ಎದ್ದು ಒಲೆ ಆರಿಸಿದಳು.

"ಯಾಕೆ ಅಂತ ಕೇಳಲ್ಲ. ಯಾಕೆ ಅಂತ ನಿನಗೇ ಗೊತ್ತಿರಲ್ಲ. ಆದ್ರೆ ಇದನ್ನ ನನಗೆ ಹೇಳ್ಬಾರದಿತ್ತು. ಅದು ನಿನ್ನ ಗುಟ್ಟು. ನೀನೇ ಹೊತ್ಕೊಂಡು ಓಡಾಡ್ಬೇಕಿತ್ತು. ಈಗ ನನ್ನ ಹೆಗಲಿಗೆ ಹಾಕಿ ನೀನು ಹಗುರಾದೆ, ಅಲ್ವಾ?"

ಅವನು ಹಗುರಾಗಿರಲಿಲ್ಲ, ಆದರೆ ಹಗುರಾಗಲಿಕ್ಕೆಂದೇ ಹೇಳಿದ್ದು ನಿಜವಾಗಿತ್ತು. ಆ ವಾರವೆಲ್ಲ ಇಬ್ಬರೂ ಉಪ್ಪು ಕೊಡು, ಫೋನು ಬಂತು ಎಂಬಷ್ಟೇ ಮಾತಾಡಿದರು. ಮ್ಯಾವಿಸ್ ಊರಿನ ಅಂಗಳಗಳಿಂದ ತನ್ನ ಫಲಕಗಳನ್ನು ಕಿತ್ತು ತಂದು ಗೋಡೆಗೆ ಒರಗಿಸಿದಳು. ಚಳಿ ಬಿಗಿಯಾಯಿತು. ವರ್ನರ್ ದಿನವೂ ಕಾರು ತೆಗೆದುಕೊಂಡು ಹೊರಡುತ್ತಿದ್ದ. ಗ್ರಂಥಾಲಯ, ಬಸ್ ನಿಲ್ದಾಣ, ರೈಲು ಹಳಿಯ ಪಕ್ಕದ ಹಳೆ ಗೋದಾಮು. ಯಾರನ್ನು ಹುಡುಕುತ್ತಿದ್ದೇನೆಂದು ಮ್ಯಾವಿಸಳಿಗೆ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆದರೆ ಮೇಲಿನ ಕೋಣೆಯ ಹಾಸಿಗೆ ಹಾಗೆಯೇ ಇತ್ತು.

ಸಿಕ್ಕಿದ್ದು ಮುಖ್ಯ ಬೀದಿಯ ಲಾಂಡ್ರಿಯಲ್ಲಿ, ಒಂದು ಮಧ್ಯಾಹ್ನ. ಬಟ್ಟೆ ಒಣಗಿಸುವ ಯಂತ್ರದ ಬಿಸಿ ಗಾಜಿಗೆ ಬೆನ್ನು ಕೊಟ್ಟು ಲೈಲ್ ಹಳೆಯ ಪತ್ರಿಕೆಯೊಂದನ್ನು ತಿರುವುತ್ತಿದ್ದ. ಒಳಗೆ ಅವನ ಕಂಬಳಿ ಉರುಳುತ್ತಿತ್ತು. ವರ್ನರ್ ಪಕ್ಕದ ಕುರ್ಚಿಯಲ್ಲಿ ಕುಳಿತು, ಕಾರಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದ.

"ನೋಡು ಲೈಲ್, ನೀನು ನಮ್ಮಲ್ಲಿ ಇರ್ತೀಯ ಅಂತ ನಾನು ಆಣೆ ಮಾಡಿದ್ದೀನಿ. ಈಗ ನೀನು ಇಲ್ಲದಿದ್ರೆ ಅದು ಸುಳ್ಳಾಗುತ್ತೆ. ಕಾನೂನು ಪ್ರಕಾರ..."

"ಜೈಲಾ?" ಎಂದ ಲೈಲ್, ಪತ್ರಿಕೆಯಿಂದ ಕಣ್ಣೆತ್ತದೆ.

"ಆಗ್ಬಹುದು."

"ಜೈಲಲ್ಲಿ ಬೆಚ್ಚಗಿರುತ್ತೆ ಮೇಷ್ಟ್ರೇ. ಮೂರು ಹೊತ್ತು ಊಟ. ನಾನು ಸಾಕ್ಷಿ ಹೇಳ್ತೀನಿ ಬೇಕಾದ್ರೆ." ನಕ್ಕ; ವರ್ನರನಿಗೂ ನಗು ಬಂತು. ಅಷ್ಟು ದಿನದ ಮೇಲೆ ಅವನು ನಕ್ಕದ್ದು ಅದೇ ಮೊದಲು. ನಗು ನಿಂತ ಮೇಲೆ ಲೈಲ್ ಹೇಳಿದ: "ಒಂದು ವಿಷಯ ಹೇಳ್ಲಾ? ನಾನು ಅವತ್ತು ಇಲ್ಲ ಅಂತ ಹಾಕಿದೆ."

"ಏನು?"

"ಎರಡನೇದಕ್ಕೆ. ಇಲ್ಲ ಅಂತ. ಹೌದು ಅಂತಾನೇ ಹಾಕೋಕೆ ಬಂದಿದ್ದು. ಪೆನ್ನು ಹಿಡ್ಕೊಂಡಾಗ ಆ ಕಾರಿಡಾರು ನೆನಪಾಯ್ತು. ಗಂಟೆ ಹೊಡೆದ್ರೆ ಏಳು, ಗಂಟೆ ಹೊಡೆದ್ರೆ ಸಾಲಲ್ಲಿ ನಿಲ್ಲು, ಗಂಟೆ ಹೊಡೆದ್ರೆ ತಿನ್ನು. ಈ ವಯಸ್ಸಲ್ಲಿ ಮತ್ತೆ ಆ ಸ್ಕೂಲಿಗೆ ಹೋಗಿ ಸಾಲಲ್ಲಿ ನಿಲ್ಲೋದಾ ಅನ್ನಿಸ್ತು. ಬೇರೆಯೋರಿಗೆ ಬೇಕಿತ್ತು, ಗೊತ್ತು. ಪಾಪ ಅವರ ಬಗ್ಗೆ ಯೋಚನೆ ಬಂತು. ಆದ್ರೂ ಕೈ ಅಲ್ಲೇ ಹೋಯ್ತು." ಪತ್ರಿಕೆಯನ್ನು ಮಡಚಿದ. "ನಿಮ್ಮದು ಹೌದು ತಾನೆ? ಸರಿಹೋಯ್ತು ಬಿಡಿ, ಒಂದಕ್ಕೊಂದು."

ಇಲ್ಲಿ ಹೌದು ಎಂದುಬಿಡುವುದು ಎಷ್ಟು ಸುಲಭವಾಗಿತ್ತು. ಗುಟ್ಟಿನ ಮತ ಕಣಪ್ಪ, ಕೇಳಬಾರದು ಎಂದು ಮೇಷ್ಟ್ರಾಗಿ ನಗುವುದು ಇನ್ನೂ ಸುಲಭ. ಹಗುರಾಗುವ ಆಸೆ ಈ ಸಲ ಹುಟ್ಟಲಿಲ್ಲ; ಹೇಳಿದರೆ ಭಾರವಾಗುತ್ತದೆ ಎಂಬುದು ಗೊತ್ತಿತ್ತು. ಆದರೆ ಕೇಳಿದವನು ಲೈಲ್. ಆ ಪ್ರಶ್ನೆ ಇದ್ದದ್ದೇ ಅವನ ಬಗ್ಗೆ.

"ನಂದೂ ಇಲ್ಲ ಅಂತಲೇ," ಎಂದ.

ಲೈಲ್ ಗಾಜಿನೊಳಗೆ ಉರುಳುವ ಕಂಬಳಿಯನ್ನು ನೋಡಿದ. ಇಬ್ಬರದೂ ಒಂದೇ ಆಯಿತಲ್ಲ ಎಂದು ಅವನು ಅನ್ನಬಹುದೆಂದು ವರ್ನರನಿಗೆ ಒಳಗೊಳಗೆ ಒಂದು ಸಣ್ಣ ಆಸೆ ಹುಟ್ಟಿತು.

"ನಾನು ಬೇಡ ಅಂದದ್ದು ಆ ಸ್ಕೂಲನ್ನ," ಎಂದ ಲೈಲ್. "ನೀವು ಬೇಡ ಅಂದದ್ದು ನನ್ನನ್ನ."

ವರ್ನರ್ ಎದ್ದು ಹೋಗಲಿಲ್ಲ. ಯಂತ್ರ ನಿಂತಿತು. ಲೈಲ್ ಕಂಬಳಿಯನ್ನು ಹೊರಗೆಳೆದು, ಒಂದು ಅಂಚನ್ನು ತಾನು ಹಿಡಿದು, ಇನ್ನೊಂದನ್ನು ಅವನ ಕಡೆ ಚಾಚಿದ. "ಒಬ್ಬನೇ ಮಡಚೋಕಾಗಲ್ಲ ಇದು. ಹಿಡ್ಕೊಳ್ಳಿ." ಇಬ್ಬರೂ ದೂರ ನಿಂತು ಜಗ್ಗಿ, ಹತ್ತಿರ ಬಂದು, ಮತ್ತೆ ದೂರ ಹೋದರು. ಬಿಸಿ ಉಣ್ಣೆಯ ವಾಸನೆ ನಡುವೆ ಏರುತ್ತಿತ್ತು. ಮಡಚಿ ಮುಗಿದ ಮೇಲೆ ವರ್ನರ್ ಅದನ್ನು ಹಿಂದಿರುಗಿಸದೆ ಎದೆಗವಚಿಕೊಂಡೇ ನಿಂತಿದ್ದ.

"ಮೇಲಿನ ಕೋಣೆ ಖಾಲಿ ಇದೆ," ಎಂದ. "ಆಣೆ, ಕಾನೂನು ಎಲ್ಲ ಬಿಡು. ಚಳಿ ಮುಗಿಯೋವರೆಗೆ ಇರು. ಬಾ. ನಾನು ಕೇಳ್ತಾ ಇದ್ದೀನಿ."

"ಚಳಿ ಮುಗಿಯೋವರೆಗೆ," ಎಂದ ಲೈಲ್. ಷರತ್ತನ್ನು ಕೈಯಲ್ಲಿ ತೂಗಿ ನೋಡುವ ಹಾಗಿತ್ತು ಅವನ ದನಿ. "ಬೆಳಿಗ್ಗೆ ಬೇಗ ಏಳೋನು ನಾನು. ಸದ್ದು ಮಾಡ್ತೀನಿ."

"ಮಾಡು."

ಚೀಲವನ್ನು ಹಿಂದಿನ ಸೀಟಿಗೆ ಹಾಕಿ ಲೈಲ್ ಮುಂದೆ ಬಂದು ಕುಳಿತ. ಬೀದಿಯ ಎರಡೂ ಬದಿಗೆ ಸರಿಸಿದ ಹಿಮ ಕೊಳೆಯಾಗಿ ಗುಡ್ಡೆಬಿದ್ದಿತ್ತು. ಕಾರು ಮನೆಯ ಪಕ್ಕದ ದಾರಿಗೆ ತಿರುಗಿ ನಿಂತಿತು. ಅಡುಗೆಮನೆ ಕಿಟಕಿಯಲ್ಲಿ ಮ್ಯಾವಿಸ್ ಕಂಡಳು. ಕಾರಿನಲ್ಲಿ ಇಬ್ಬರಿರುವುದನ್ನು ನೋಡಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಲೈಲ್ ಕಾರಿನ ಬಾಗಿಲ ಹಿಡಿಗೆ ಕೈ ಹಾಕಿ, ತೆರೆಯದೆ ಕುಳಿತ.

"ನಾನು ಏನು ಹಾಕಿದೆ ಅಂತ ಅವರಿಗೆ ಹೇಳ್ಬೇಡಿ ಮೇಷ್ಟ್ರೇ," ಎಂದ. "ಪಾಪ, ನನಗೋಸ್ಕರ ಅಷ್ಟು ದಿನ ಚಳೀಲಿ ನಿಂತಿದ್ದಾರೆ."

"ಹೇಳಲ್ಲ," ಎಂದ ವರ್ನರ್. ಲೈಲ್ ಇಳಿದು ಅಂಗಳದ ಹಿಮದಲ್ಲಿ ಎಡಗಾಲು ಎಳೆಯುತ್ತ ಮುಂಬಾಗಿಲ ಕಡೆ ನಡೆದ. ಬಾಗಿಲು ಒಳಗಿನಿಂದಲೇ ತೆರೆಯಿತು. ವರ್ನರ್ ಚೀಲವನ್ನೂ ಕಂಬಳಿಯನ್ನೂ ಎತ್ತಿಕೊಂಡು ಅವನ ಹಿಂದೆ ಹೋದ.